ಅವಳು ಕೊಟ್ಟ ಹಳೇ ಪ್ರತಿ

“ಸ್ಕೂಲನ್ನೇ ಅರ್ಧಕ್ಕೆ ಬಿಟ್ಟವನ ಕೈಗೆ ಕೆಲಸ ಕೊಟ್ರೆ ಇನ್ನೇನಾಗತ್ತೆ ಅಣ್ಣಾ?”

ಗ್ರಾಹಕರೆದುರು, ಇಡೀ ಟೀಮಿನೆದುರು ಹೀಗಂದದ್ದು ಅವಳು. ಬೇರೆ ಯಾರಾದರೂ ಅಂದಿದ್ದರೆ ಅವನು ಮೇಜು ಗುದ್ದಿ ಎದ್ದುಬಿಡುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನಿಗೆ ಆಫೀಸಿನಲ್ಲಿ ‘ಪಟಾಕಿ’ ಎಂದೇ ಹೆಸರು. ಇವತ್ತು ಪಟಾಕಿ ಠುಸ್ ಎಂದಿತು.

ಅಣ್ಣ ಎಂದರೆ ಅವಳ ಒಡಹುಟ್ಟಿದ ಅಣ್ಣ, ಆಫೀಸಿನ ಯಜಮಾನ. ಗ್ರಾಹಕರಿಗೆ ಪ್ರೋಗ್ರಾಮು ತೋರಿಸುವ ಡೆಮೊ ಮುಗಿದ ಕೂಡಲೇ ತಮ್ಮಿಬ್ಬರ ವಿಷಯ ಅಣ್ಣನ ಕಿವಿಗೆ ಹಾಕುತ್ತೇನೆಂದು ಬೆಳಿಗ್ಗೆ ಲಿಫ್ಟಿನಲ್ಲಿ ಹೇಳಿದ್ದಳು. ಅವನ ಕಾಲರ್ ಸರಿಮಾಡುತ್ತ, ಓರೆಗಣ್ಣಲ್ಲಿ ನೋಡಿ ನಕ್ಕಿದ್ದಳು. “ಭಾವ ಆಗೋರ ಮುಂದೆ ಗುರ್ ಅನ್ಬೇಡ.”

ತಪ್ಪು ಅವನದೇ. ಕಂಪ್ಯೂಟರುಗಳನ್ನು ಪರಸ್ಪರ ಮಾತಾಡಿಸುವ ನೆಟ್‌ವರ್ಕಿಂಗ್ ಲೈಬ್ರರಿ, ಎಂದರೆ ಸಿದ್ಧ ಕೋಡಿನ ಕಟ್ಟು, ಅವನ ಕೆಲಸ. ಆ ಮಾತಿಗೆ ಬೀಗ ಹಾಕುವ ಕ್ರಿಪ್ಟೋ ಲೈಬ್ರರಿ ಅವಳ ಕೆಲಸ. ಸಿಸ್ಟಮ್‌ನಲ್ಲಿ ಇನ್‌ಸ್ಟಾಲ್ ಆಗಿರೋ ನನ್ನ ಲೈಬ್ರರಿಯನ್ನೇ ಬಳಸು, ಬೇರೆಯದನ್ನು ಇಟ್ಟುಕೊಳ್ಳಬೇಡ ಎಂದು ಅವಳು ಸಾರಿ ಸಾರಿ ಹೇಳಿದ್ದಳು. ಅವನು ಇಟ್ಟುಕೊಂಡಿದ್ದ. ಕೆಲಸ ಕಲಿಸಲು ಪಕ್ಕದಲ್ಲಿ ಕುಳಿತ ಮೊದಲ ದಿನ ಅವಳೇ ಹಾಕಿಕೊಟ್ಟ ಅದರ ಹಳೇ ಪ್ರತಿ. ಕೋಡಿನ ಸಾಲುಗಳ ನಡುವೆ ‘ಪೆದ್ದು, ಇಲ್ಲಿ ಹುಷಾರು’ ಎಂದು ಅವಳು ಬರೆದಿದ್ದಳು. ಅಳಿಸಲು ಮನಸ್ಸಾಗಿರಲಿಲ್ಲ.

ಕೋಡು ಪ್ರೋಗ್ರಾಮಾಗಿ ಬಿಲ್ಡ್ ಆಗುವಾಗ ಅಳತೆ ತೆಗೆದುಕೊಂಡದ್ದು ಆ ಹಳೆಯದರಿಂದ. ಓಡುವಾಗ ಸಿಕ್ಕಿದ್ದು ಸಿಸ್ಟಮ್‌ನ ಹೊಸದು. ಹಳೇ ಬೀಗಕ್ಕೆ ಮಾಡಿಸಿದ ಕೀಲಿ ಹೊಸ ಬೀಗಕ್ಕೆ ಹೇಗೆ ಕೂತೀತು? ಮೊದಲ ಸಂಪರ್ಕಕ್ಕೇ ಪ್ರೋಗ್ರಾಮು ಎಲ್ಲರೆದುರು ಮಕಾಡೆ ಬಿತ್ತು.

ಗ್ರಾಹಕರು ಊಟಕ್ಕೆ ಎದ್ದರು. ಅವನು ಕುರ್ಚಿ ಬಿಟ್ಟು ಕದಲಲಿಲ್ಲ. ‘ಪೆದ್ದು’ ಎನ್ನುವುದನ್ನು ಇನ್ನೊಮ್ಮೆ ಓದಿದ. ಆ ಪ್ರತಿಯನ್ನೇ ಪೂರ್ತಿ ಅಳಿಸಿದ. ಸಿಸ್ಟಮ್‌ನದ್ದಕ್ಕೇ ಜೋಡಿಸಿ ಮತ್ತೆ ಬಿಲ್ಡ್ ಮಾಡಿದ. ಏನೂ ಆಗಿಯೇ ಇಲ್ಲವೆಂಬಂತೆ ಓಡಿತು. ಅಷ್ಟು ಸಲೀಸಾಗಿ ಓಡಿದ್ದೇ ಅವನನ್ನು ಇನ್ನಷ್ಟು ಉರಿಸಿತು.

ಅವಳು ಬಂದು ಮೇಜಿಗೆ ಒರಗಿದಳು. ಅಣ್ಣನಿಗೆ ಮೊದಲೇ ತಮ್ಮಿಬ್ಬರ ಮೇಲೆ ಅನುಮಾನವಂತೆ; ತಾನು ಇವನ ಪರ ನಿಂತಿದ್ದರೆ ಅಲ್ಲೇ ಎಲ್ಲ ಬಯಲಾಗುತ್ತಿತ್ತಂತೆ; ಬಾಯಿಗೆ ಬಂದದ್ದು ಅಂದುಬಿಟ್ಟಳಂತೆ.

“ಅಣ್ಣಂಗೆ ಹೇಳಿದ್ಯಾ?” ಎಂದಷ್ಟೇ ಕೇಳಿದ.

“ಇಷ್ಟೆಲ್ಲ ಆದ್ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಅವನು ಬ್ಯಾಗು ಹೆಗಲಿಗೇರಿಸಿದ. ಅವಳ ಕಣ್ಣು ಸ್ಕ್ರೀನಿನತ್ತ ಹೋಯಿತು, ಅಲ್ಲೇ ತಡಕಾಡಿತು, ತುಂಬಿಬಂತು.

“ನಾನು ಕೊಟ್ಟಿದ್ದು ಎಲ್ಲೋ? ಅಳಿಸಿಬಿಟ್ಯಾ?”

ಬೆಳಿಗ್ಗೆ ಅವಳು ಸರಿಮಾಡಿದ ಕಾಲರ್ ಇನ್ನೂ ಹಾಗೇ ನಿಂತಿತ್ತು. ಅವನು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೊರಟುಹೋದ.