ಹೊಳೆಯದ ರೆಕ್ಕೆ

“ಬಿಚ್ಚಿ ನೋಡು, ಚುನ್‌ಕಿ. ನಾಳೆ ಬರ್ತೀನಿ. ಬೇಕೋ ಬೇಡವೋ, ಆಗ ಹೇಳು.”

ತ್ರಿಕೋನವಾಗಿ ಮಡಿಸಿದ ಕಾಗದದ ಪೊಟ್ಟಣವನ್ನು ಅವಳ ಅಂಗೈಗಿಟ್ಟು ಬೊಕ್‌ಸೆಂಗ್ ಹೊರಟೇಬಿಟ್ಟ. ಒಣ ಚಿಟ್ಟೆಗಳ ರೆಕ್ಕೆ ಬಿಡಿಸಿ ಗಾಜಿನ ಪೆಟ್ಟಿಗೆಗೆ ಹಾಕಿ ಮಾರುವ ಪೂಲಿ ಊರಿನ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ, ಅಲ್ಲಿಗೆ ಚಿಟ್ಟೆ ಹಿಡಿದು ತರುವವನು ಅವನು. ಇದೊಂದನ್ನು ಮಾತ್ರ ಯಜಮಾನಿಗೆ ಕೊಡದೆ ಅವಳಿಗೆ ಕೊಟ್ಟಿದ್ದ. ಅವನು ಕೇಳಿದ್ದು ಬರೀ ಚಿಟ್ಟೆಯ ಬಗ್ಗೆಯಲ್ಲವೆಂದು ಅವಳಿಗೆ ಗೊತ್ತಿತ್ತು.

ಒಳಗಿದ್ದದ್ದು ಲಾನ್ಯು ದ್ವೀಪದ ಬಂಗಾರದ ಚಿಟ್ಟೆ. ಅದರ ಹಿಂದಿನ ರೆಕ್ಕೆ ಬರೀ ಹಳದಿಯಲ್ಲ, ಬೆಳಕಿಗೆ ಓರೆಯಾಗಿ ಹಿಡಿದರೆ ನೀಲಿ-ಹಸಿರಾಗಿ ಹೊಳೆಯುತ್ತದೆಯಂತೆ. ಚುನ್‌ಕಿ ಕೇಳಿದ್ದಳು, ಕಂಡಿರಲಿಲ್ಲ.

ಒಣಗಿದ ಚಿಟ್ಟೆಯನ್ನು ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು, ಮೆತ್ತಗಾದ ಮೇಲೆಯೇ ರೆಕ್ಕೆ ಬಿಡಿಸಬೇಕು. ಹೊಸ ಹುಡುಗಿಯರಿಗೆ ಈ ಪಾಠ ಹೇಳುತ್ತಿದ್ದವಳೇ ಅವಳು. ಕಂಡವರ ಚಿಟ್ಟೆಗಳಿಗೆಲ್ಲ ದಿನಗಟ್ಟಲೆ ಕಾದವಳಿಗೆ ತನ್ನದಕ್ಕೆ ಕಾಯಲಾಗಲಿಲ್ಲ. ಮರುದಿನ ಬೆಳಿಗ್ಗೆ, ಅವನು ಬರುವ ಮುಂಚೆ, ಚಿಮಟದಿಂದ ಮೆಲ್ಲಗೆ ಬಿಡಿಸಿದಳು...

ಟಕ್. ಹಿಂದಿನ ರೆಕ್ಕೆ ಬುಡದಲ್ಲೇ ಮುರಿಯಿತು.

ಅಳು ನುಂಗಲು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಯಜಮಾನಿ ಅದನ್ನೆತ್ತಿ ಚೂರುಗಳ ಬುಟ್ಟಿಗೆ ಹಾಕಿದ್ದಳು. ಮುರಿದ ರೆಕ್ಕೆಗಳನ್ನು ಅಂಟಿಸಿ ಚಿತ್ರ ಮಾಡುವುದು ಅಲ್ಲಿನ ರೂಢಿ. ಬೊಕ್‌ಸೆಂಗ್ ಬುಟ್ಟಿಯ ಮುಂದೆಯೇ ನಿಂತಿದ್ದ, ಒಳಗೆ ಬಿದ್ದ ತನ್ನ ಚಿಟ್ಟೆಯನ್ನು ನೋಡುತ್ತಾ.

“ಬೇಡ ಅಂತ ಗೊತ್ತಾಯ್ತು ಬಿಡು,” ಎಂದ.

ಅಲ್ಲ ಕಣೋ... ಅಲ್ಲ! ಮನಸ್ಸು ಕೂಗಿತು. ಸುತ್ತ ಹುಡುಗಿಯರು, ತನ್ನ ಮೇಲೆ ಯಜಮಾನಿಯ ಕಣ್ಣು. ಅವನು ಹೋಗುವುದನ್ನು ನೋಡುತ್ತಾ ನಿಂತಳು, ಅಷ್ಟೇ ಅವಳಿಂದಾದದ್ದು.

ಅವನು ಲಾನ್ಯು ದ್ವೀಪದಲ್ಲಿ ದೋಣಿ ಕೆಲಸ ಹಿಡಿದನೆಂದು ಸುದ್ದಿ ಬಂತು. ಕಾಗದ ಬರೆಯೋಣವೆಂದರೆ ವಿಳಾಸವಿಲ್ಲ. ಮುರಿದ ರೆಕ್ಕೆ ಆಗಲೇ ಗೋಡೆಯ ಚಿತ್ರದಲ್ಲಿ ಸೂರ್ಯನಾಗಿತ್ತು, ಕಿತ್ತರೆ ಪುಡಿಯಾಗುತ್ತಿತ್ತು. ಉಳಿದದ್ದನ್ನು ಬುಟ್ಟಿಯಿಂದ ಹೆಕ್ಕಿ, ಈ ಸಲ ಒದ್ದೆ ಮರಳಿನಲ್ಲಿಟ್ಟು ಕಾದು, ತಮ್ಮೂರ ಬರೀ ಹಳದಿಯ ಬಂಗಾರದ ಚಿಟ್ಟೆಯ ರೆಕ್ಕೆಯೊಂದನ್ನು ಅಂಟಿಸಿದಳು. ಅದನ್ನು ಗಾಜಿನ ಪೆಟ್ಟಿಗೆಗೆ ಸೇರಿಸಿ, ಹುಳ ಬೀಳದಂತೆ ಕರ್ಪೂರ ಇಟ್ಟಳು. ಮಳೆಗಾಲದಲ್ಲಿ ಬೂಷ್ಟು ಹಿಡಿದೀತೆಂದು ಒಲೆಯ ಹತ್ತಿರ ಇಟ್ಟಳು. ಇನ್ನೇನು ತಾನೇ ಮಾಡಬಲ್ಲಳು?

ಮುಂದಿನ ವಸಂತದಲ್ಲಿ ಬೊಕ್‌ಸೆಂಗ್ ಬಂದ. ಇನ್ನು ಈ ಕೆಲಸವೇ ಬೇಡವೆಂದು ಚಿಟ್ಟೆ ಹಿಡಿಯುವ ಬಲೆಯನ್ನು ಯಜಮಾನಿಯ ಮೇಜಿನ ಮೇಲಿಟ್ಟು ಬಾಗಿಲಿಗೆ ತಿರುಗಿದ.

ಈಗಲೂ ಸುಮ್ಮನಿದ್ದರೆ ಮುಗಿಯಿತು... ಚುನ್‌ಕಿ ಪೆಟ್ಟಿಗೆ ತಂದು ಅವನ ಮುಂದೆ ಹಿಡಿದಳು.

ಅವನು ಅದನ್ನು ಬೆಳಕಿಗೆ ಓರೆ ಮಾಡಿದ. ಒಂದು ಕಡೆ ನೀಲಿ-ಹಸಿರು ಹೊಳೆಯಿತು. ಇನ್ನೊಂದು ಕಡೆ ಬರೀ ಹಳದಿ.

“ಈ ರೆಕ್ಕೆ ನಾನು ತಂದಿದ್ದಲ್ಲ.”

“ನೀನು ತಂದಿದ್ದು ಅಗೋ, ಗೋಡೆ ಮೇಲೆ ಸೂರ್ಯ ಆಗಿ ಕೂತಿದೆ. ನಾನೇ ಮುರಿದೆ. ಮೆತ್ತಗಾಗೋಕೂ ಬಿಡದೆ ಬಿಚ್ಚಿಬಿಟ್ಟೆ.”

“ನೀನಾ? ಊರಿಗೆಲ್ಲ ಪಾಠ ಹೇಳೋಳು?”

“ನಾಳೇನೇ ಬರ್ತೀನಿ ಅಂದಿದ್ಯಲ್ಲ...” ಅವಳ ದನಿ ಒಡೆಯಿತು. “ಅಷ್ಟರೊಳಗೆ ನೋಡ್ಬೇಕಿತ್ತು.”

ಹುಡುಗಿಯರ ಕೈಗಳೆಲ್ಲ ನಿಂತಿದ್ದವು. ಬೊಕ್‌ಸೆಂಗ್ ಮೇಜಿನ ಮೇಲಿನ ಬಲೆಯನ್ನು ಮೆಲ್ಲಗೆ ವಾಪಸ್ ಎತ್ತಿಕೊಂಡ.

“ಬೇಡ ಅನ್ನೋರು ಇಷ್ಟು ಆತುರ ಪಡ್ತಾರಾ? ನನಗೆ ಬುದ್ಧಿ ಇರ್ಲಿಲ್ಲ.”

“ಈಗ ಬಂತಾ?”

“ನೀನು ಬಾಯಿಬಿಟ್ಟು ಹೇಳಿದ್ರೆ ಬರುತ್ತೆ.”

“ಬೇಕು,” ಎಂದಳು ಚುನ್‌ಕಿ, ಎಲ್ಲರೆದುರಿಗೇ.