ಕರೆಗುಡ್ಡದ ಎಕ್ಸ್‌ಕ್ಲೂಸಿವ್

ಹನ್ನೊಂದು ವರ್ಷ ಗೋವರ್ಧನನ ಹುಟ್ಟುಹಬ್ಬವನ್ನು ಸುದ್ದಿಯೆಂದು ತೋರಿಸಿದ ಲೋಕನಾಥನಿಗೆ ಹನ್ನೆರಡನೆಯ ವರ್ಷ ಸಿಕ್ಕಿದ್ದು ಒಂದು ಶಾಲು.

ಗೋವರ್ಧನ ರಾಯದುರ್ಗದ ಜೀನ್ಸ್ ಫ್ಯಾಕ್ಟರಿ ಮಾಲೀಕ. ಅವನ ಹೆಂಡತಿ ನಾಗಲಕ್ಷ್ಮಿ ಡಿ. ಹಿರೇಹಾಳ್ ಕಡೆಯ ಕರೆಗುಡ್ಡದಲ್ಲಿ ಸರ್ಪಂಚ್, ಅಂದರೆ ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಸ್ಥಾನಕ್ಕೆ ನಿಂತಿದ್ದಳು. ಬಳ್ಳಾರಿಗೆ ಹೋಗುವ ಅದಿರು ಲಾರಿಗಳೆಲ್ಲ ಆ ಪಂಚಾಯಿತಿಯ ರಸ್ತೆಯಲ್ಲೇ ಓಡಾಡಬೇಕಾದ್ದರಿಂದ ಆ ಪುಟ್ಟ ಕುರ್ಚಿಗೆ ಎಂಎಲ್‌ಎ ಚುನಾವಣೆಯಷ್ಟು ಖರ್ಚಾಗುತ್ತಿತ್ತು. ‘ಗಡಿ ಧ್ವನಿ’ ಯೂಟ್ಯೂಬ್ ಚಾನೆಲ್ಲಿನ ಮಾಲೀಕ, ಸಂಪಾದಕ ಮತ್ತು ಏಕೈಕ ವರದಿಗಾರನಾದ ಲೋಕನಾಥ ಹತ್ತು ದಿನಗಳ ಹೊಗಳಿಕೆಯ ಪ್ಯಾಕೇಜನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಸಿಕೊಂಡು ಫ್ಯಾಕ್ಟರಿಗೆ ಹೋಗಿದ್ದ.

“ಲೋಕಣ್ಣಾರ, ಈ ಸಲ ಪ್ರಚಾರ ಎಲ್ಲಾ ಬಳ್ಳಾರಿ ಕಂಪನಿಯವ್ರು ನೋಡ್ಕೊಂತಾರ್ರಿ. ಡಿಜಿಟಲ್ ಅಂತ,” ಎಂದ ಗೋವರ್ಧನ. “ನೀವು ಹಿರಿಯರು. ನಿಮ್ಮ ಆಶೀರ್ವಾದ ಇರ್ಲಿ.” ಹಾಗೆಂದು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡ. ಆ ಫೋಟೊವನ್ನು ಅಭ್ಯಾಸಬಲದಿಂದ ಲೋಕನಾಥನೇ ಸಂಜೆ ತನ್ನ ಚಾನೆಲ್ಲಿನಲ್ಲಿ ಹಾಕಿದ. ಹಾಕಿದ ಮೇಲೆ ಹೊಟ್ಟೆ ಉರಿಯಿತು.

ಸೇಡು ತೀರಿಸಿಕೊಳ್ಳಲು ಅವನಿಗೆ ಬೇಕಿದ್ದುದು ಎರಡು ನಿಮಿಷದ ವಿಡಿಯೊ. ನಾಗಲಕ್ಷ್ಮಿಯ ಕಡೆಯವರು ಮತದಾರರಿಗೆ ಹಣ ಹಂಚುವ ವಿಡಿಯೊ. ಹಂಚುವುದು ಹೇಗೂ ನಿಜವೇ ಇರಬಹುದು. ಆದರೆ ನಿಜವನ್ನು ಹಿಡಿಯಲು ಹೊಂಚು ಹಾಕಿ ಕೂರಬೇಕು, ಏಟು ತಿನ್ನಬೇಕು. ತಾನೇ ತಯಾರಿಸಿದರೆ ಬೆಳಕಾದರೂ ಚೆನ್ನಾಗಿರುತ್ತದೆ.

ಸುಳ್ಳು ವಿಡಿಯೊ ಮಾಡಿದವರು ಹೇಗೆ ಸಿಕ್ಕಿಬೀಳುತ್ತಾರೆಂಬುದು ಅವನಿಗೆ ಗೊತ್ತಿತ್ತು. ಎಲ್ಲರೂ ಸಿಕ್ಕಿಬಿದ್ದದ್ದು ಮುಖದಿಂದ. ಮುಖಕ್ಕೊಂದು ಹೆಸರಿರುತ್ತದೆ, ಊರಿರುತ್ತದೆ, “ಅಯ್ಯೋ ಇವಳು ನಮ್ಮ ಅತ್ತಿಗೆ” ಎನ್ನುವ ನೆಂಟರಿರುತ್ತಾರೆ. ಆದ್ದರಿಂದ ಮುಖವೇ ಬೇಡ, ಕೈಗಳಷ್ಟೇ ಸಾಕು ಎಂದು ತೀರ್ಮಾನಿಸಿದ. ಕೈ ನೋಡಿ ಹೆಸರು ಹೇಳುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ಮಾತೂ ಬೇಡ, ಮಾತಿನ ಧಾಟಿ ಊರನ್ನು ಹೇಳಿಬಿಡುತ್ತದೆ. ಅದರ ಬದಲು ಕರೆಗುಡ್ಡದಲ್ಲಿ ತಿರುಗುತ್ತಿದ್ದ ಆಟೊದಿಂದ ನಾಗಲಕ್ಷ್ಮಿಯ ಪ್ರಚಾರದ ಹಾಡನ್ನು ರೆಕಾರ್ಡ್ ಮಾಡಿಕೊಂಡ. ಅವಳ ಕತ್ತರಿ ಗುರುತಿನ ಕರಪತ್ರಗಳು ಬೀದಿಯಲ್ಲೇ ಬಿದ್ದಿದ್ದವು. ಒಂದು ಕಟ್ಟು ಎತ್ತಿಕೊಂಡ.

ಶೂಟಿಂಗಿಗೆ ಆರಿಸಿಕೊಂಡದ್ದು ಮಡಕಶಿರದ ಆಚೆಯ ರೊಳ್ಳ. ಜಿಲ್ಲೆಯ ಆ ಮೂಲೆಯ ಜನಕ್ಕೂ ಕರೆಗುಡ್ಡಕ್ಕೂ ಕೊಡುಕೊಳ್ಳುವ ಸಂಬಂಧವೇ ಇಲ್ಲ. ಮೇಲಾಗಿ ಆ ಕಡೆ ಮೊದಲ ಹಂತದಲ್ಲೇ ಚುನಾವಣೆಯ ಗದ್ದಲ ಮುಗಿದು, ಚೆಕ್‌ಪೋಸ್ಟಿನವರು, ಸ್ಕ್ವಾಡಿನವರು ಎಲ್ಲ ಗಂಟುಮೂಟೆ ಕಟ್ಟಿಕೊಂಡು ರಾಯದುರ್ಗದ ಕಡೆ ಬಂದಿದ್ದರು. ಚೀಲದ ತುಂಬ ಐನೂರರ ನೋಟು ಇಟ್ಟುಕೊಂಡು ಹೋದರೂ ಕೇಳುವವರಿಲ್ಲ.

ಮಂಗಳವಾರ ಬೆಳಗ್ಗೆ ರೊಳ್ಳದ ಒಂದು ರೇಷ್ಮೆ ಹುಳು ಮನೆಯ ಹಿಂದೆ, ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹತ್ತು ಹೆಂಗಸರನ್ನು ನಿಲ್ಲಿಸಿಕೊಂಡ. ಇದು ಜಾಗೃತಿ ಚಿತ್ರ, ಮತ ಮಾರಿಕೊಳ್ಳಬೇಡಿ ಎಂದು ಜನಕ್ಕೆ ಬುದ್ಧಿ ಹೇಳುವುದು, ತಲೆಗೆ ಮುನ್ನೂರು ಕೂಲಿ ಎಂದು ವಿವರಿಸಿದ.

ಮುಂದೆ ನಿಂತಿದ್ದ ಮಂಜಮ್ಮ ಕೇಳಿದಳು: “ಸಾರ್, ಇದು ಕೊಡೋ ದುಡ್ಡೋ, ತಿರ್ಗಾ ಇಸ್ಕಳೋ ದುಡ್ಡೋ?”

“ನಟನೆ ಅಮ್ಮಾ. ನೋಟು ವಾಪಸ್ ಕೊಡ್ಬೇಕು.”

“ವಾಪಸ್ ಕೊಟ್ಟು ನಮಗೆ ರೂಢಿ ಇಲ್ಲ ಸಾರ್. ಒಂದ್ಸಲ ಹೇಳ್ಕೊಡಿ.”

ಹೆಂಗಸರು ನಕ್ಕರು. ಲೋಕನಾಥ ನಗಲಿಲ್ಲ, ಅವನ ಗಮನವೆಲ್ಲ ಫ್ರೇಮಿನ ಮೇಲಿತ್ತು. ಮೊದಲ ಸಲ ಅವರು ಬಲಗೈಯಲ್ಲಿ ಸಲೀಸಾಗಿ ನೋಟು ಇಸಿದುಕೊಂಡಾಗ ಅವನಿಗೆ ಒಪ್ಪಿಗೆಯಾಗಲಿಲ್ಲ. “ಎರಡೂ ಕೈ ಒಡ್ಡಿ. ಬಡತನ ಕಾಣ್ಬೇಕು,” ಎಂದ. ಹತ್ತು ಜೊತೆ ಕೈಗಳು ಒಂದರ ಹಿಂದೊಂದು ಬಂದವು. ನೋಟು, ಕರಪತ್ರ, ಕತ್ತರಿ ಗುರುತು; ಎಲ್ಲ ಸ್ಫಟಿಕದಂತೆ ಸ್ಪಷ್ಟ. ಮಂಜಮ್ಮನಿಂದ ಐನೂರನ್ನು ವಾಪಸ್ ಪಡೆಯುವುದು ಮಾತ್ರ ಆಗಲಿಲ್ಲ. ಅದನ್ನವನು ನಿರ್ಮಾಣ ವೆಚ್ಚವೆಂದು ಬಿಟ್ಟ.

ಆಮೇಲಿನದು ವ್ಯಾಪಾರ. ಎದುರಾಳಿ ಅಭ್ಯರ್ಥಿಯ ಗಂಡ ಗಂಗಣ್ಣ ಕಂಕರ್ ಜಲ್ಲಿಯ ಕಾಂಟ್ರಾಕ್ಟರು. ವಿಡಿಯೊ ನೋಡಿ, “ಎಷ್ಟು?” ಎಂದ. ಎಲ್ಲಿ ಸಿಕ್ಕಿತು, ಯಾರು ತೆಗೆದರು ಎಂದು ಕೇಳಲಿಲ್ಲ. ಹಣ ‘ಜಾಹೀರಾತು’ ಎಂಬ ಹೆಸರಿನಲ್ಲಿ ಬ್ಯಾಂಕಿಗೇ ಬಂತು. ಅನಂತಪುರದ ದೊಡ್ಡ ಟಿವಿಯ ವರದಿಗಾರ ಚಿರಂಜೀವಿಯೂ ನೋಡಿ, “ಸುದ್ದಿ ಚೆನ್ನಾಗೈತ್ರಿ. ತೋರ್ಸೋಕೆ ಖರ್ಚು ಬರ್ತೈತಿ,” ಎಂದ. ಅವನೂ ಮತ್ತೇನೂ ಕೇಳಲಿಲ್ಲ. ಗಂಗಣ್ಣ ಅದನ್ನೂ ಕೊಟ್ಟ.

ಬುಧವಾರ ಇಡೀ ದಿನ ವಿಡಿಯೊ ಓಡಿತು. ಪರದೆಯ ಕೆಳಗಿನ ಅರ್ಧ ಕೆಂಪು ಪಟ್ಟಿ, ಹಳದಿ ಪಟ್ಟಿ, ‘ಬಯಲಾಯ್ತು ಕತ್ತರಿ ಕೈಚಳಕ’. ಮೇಲಿನ ಅರ್ಧದಲ್ಲಿ ನೋಟು ಮತ್ತು ನಾಗಲಕ್ಷ್ಮಿಯ ಗಾಬರಿ ಮುಖ. ಸಂಜೆಗೆ ಗೋವರ್ಧನನ ಫೋನು ಬಂತು. ಇದೂ ಲೋಕನಾಥನ ಲೆಕ್ಕದಲ್ಲಿತ್ತು.

“ಲೋಕಣ್ಣಾರ, ಮರ್ಯಾದಿ ಹೋತ್ರಿ. ನಮ್ಮ ಕಡೀದೂ ಒಂದು ಹಾಕ್ರಿ. ಬಳ್ಳಾರಿಯವ್ರು ಫೋನೇ ಎತ್ತವಲ್ಲರು.”

“ಅಲ್ರೀ, ವಿಡಿಯೊ ಸುಳ್ಳು ಅಂತೀರೇನು?”

ಗೋವರ್ಧನ ತಡವರಿಸಿದ. “ಸುಳ್ಳು ಅಂತ ಹೆಂಗ ಅನ್ಲಿ? ನಾವು ಹಂಚಬೇಕಂತ ಇದ್ದದ್ದು ನಾಳೆ. ನಮ್ಮೋರು ಯಾರೋ ಅವಸರ ಮಾಡ್ಯಾರ.”

ಲೋಕನಾಥ ಕಣ್ಣಲ್ಲಿ ನೀರು ಬರುವಷ್ಟು ನಕ್ಕ, ಫೋನನ್ನು ದೂರ ಹಿಡಿದು. ಸ್ಪಷ್ಟೀಕರಣದ ಸಂದರ್ಶನಕ್ಕೆ ಹಳೆಯ ಪ್ಯಾಕೇಜಿನ ಎರಡರಷ್ಟು ಹೇಳಿದ. ಗೋವರ್ಧನ ಚೌಕಾಸಿ ಮಾಡಲಿಲ್ಲ. ಕೆಡಿಸಲು ಒಬ್ಬ ಕೊಟ್ಟ, ಸರಿಪಡಿಸಲು ಇನ್ನೊಬ್ಬ ಕೊಟ್ಟ. ಒಂದು ಶಾಲಿಗೆ ಇಷ್ಟು ಬಡ್ಡಿ ಯಾವ ಬ್ಯಾಂಕಿನಲ್ಲೂ ಸಿಗುತ್ತಿರಲಿಲ್ಲ.

ಗುರುವಾರ ಡಿ. ಹಿರೇಹಾಳ್ ಮಂಡಲ ಕಚೇರಿಯಲ್ಲಿ ವಿಚಾರಣೆ. ಚುನಾವಣಾಧಿಕಾರಿ ಈಶ್ವರಮ್ಮ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ. ನಾಗಲಕ್ಷ್ಮಿ ಅವರ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಕೇಸಾದರೆ ಜೈಲೇ ಎಂದು ಯಾರೋ ಹೆದರಿಸಿದ್ದರು. ಅವಳ ಕಣ್ಣುಗಳು ಊದಿಕೊಂಡಿದ್ದವು. ಟಿವಿಯಲ್ಲಿ ಬಂದದ್ದು ಪಟ್ಟಿಗಳ ಮಧ್ಯೆ ಏನೂ ಕಾಣುವುದಿಲ್ಲ, ಪಟ್ಟಿ ಇಲ್ಲದ ಮೂಲ ಪ್ರತಿ ತನ್ನಿ ಎಂದು ಈಶ್ವರಮ್ಮ ಹೇಳಿ ಕಳಿಸಿದ್ದರು. ಲೋಕನಾಥ ಸಂತೋಷದಿಂದ ಲ್ಯಾಪ್‌ಟಾಪ್ ತಂದಿದ್ದ. ಅನಾಮಧೇಯ ಗ್ರಾಮಸ್ಥರೊಬ್ಬರು ಮಂಗಳವಾರ ಕರೆಗುಡ್ಡದಲ್ಲಿ ತೆಗೆದು ಕಳಿಸಿದ್ದೆಂದು ಕಾಗದದಲ್ಲಿ ಬರೆದು ಸಹಿ ಹಾಕಿದ. ತನ್ನ ಫೋನನ್ನು ಕಿಟಕಿಯ ಮೇಲೆ ನಿಲ್ಲಿಸಿ ‘ಗಡಿ ಧ್ವನಿ’ಯಲ್ಲಿ ನೇರ ಪ್ರಸಾರವನ್ನೂ ಶುರುಮಾಡಿದ. ನಾಲ್ಕು ಸಾವಿರ ಜನ ನೋಡುತ್ತಿದ್ದರು. ಚಾನೆಲ್ಲಿನ ಚರಿತ್ರೆಯಲ್ಲೇ ಹೆಚ್ಚು.

ಈಶ್ವರಮ್ಮ ವಿಡಿಯೊವನ್ನು ಎರಡು ಸಲ ನೋಡಿದರು. ಮೂರನೆಯ ಸಲ, “ಇಲ್ಲಿ ನಿಲ್ಲಿಸ್ರಿ. ದೊಡ್ಡದು ಮಾಡ್ರಿ,” ಎಂದರು. ಲೋಕನಾಥ ಕ್ಯಾಮೆರಾಗೂ ಕಾಣಲೆಂದು ಪರದೆಯನ್ನು ಕಿಟಕಿಯ ಕಡೆಗೆ ತಿರುಗಿಸಿ, ನೋಟಿನ ಮೇಲೆ ಬೆರಳು ಮಡಚಿದ ಕೈಗಳನ್ನು ತಾನೇ ದೊಡ್ಡದು ಮಾಡಿದ. ಎಷ್ಟು ಸ್ಪಷ್ಟವಾಗಿ ಬಂದಿದೆಯೆಂದು ಹೆಮ್ಮೆಪಡುತ್ತಿರುವಾಗಲೇ ಅವನಿಗೂ ಅದು ಕಂಡಿತು. ಮೊದಲ ಎಡಗೈಯ ತೋರುಬೆರಳಿನಲ್ಲಿ, ಉಗುರಿನಿಂದ ಚರ್ಮಕ್ಕಿಳಿದ ಒಂದು ಕಪ್ಪು ಗೆರೆ. ಎರಡನೆಯದರಲ್ಲೂ ಗೆರೆ. ಹತ್ತರಲ್ಲೂ. ಈಶ್ವರಮ್ಮ ಕನ್ನಡಕ ತೆಗೆದು, ಲೆಕ್ಕ ತಪ್ಪಿದ ಹುಡುಗನನ್ನು ಕೇಳುವ ದನಿಯಲ್ಲಿ ಕೇಳಿದರು: “ಲೋಕನಾಥ್ ಅವರ, ನಮ್ಮ ಕರೆಗುಡ್ಡದಾಗ ಓಟಿಂಗ್ ಇರೋದು ನಾಡಿದ್ದು ಶನಿವಾರ. ಇಂಕಿನ ಬಾಟ್ಲಿ ಇನ್ನೂ ನನ್ನ ಬೀರುವಿನಾಗ ಸೀಲ್ ಆಗೇ ಐತಿ. ಇವರೆಲ್ಲ ಎಲ್ಲಿ ಓಟು ಹಾಕಿ ಬಂದಾರ್ರಿ?”