ವೇಣುಗೋಪಾಲ್ ಆರಿಸಿ ತಂದ ಕೀಬೋರ್ಡ್

ಅನಸೂಯಮ್ಮ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದಳು. ಮಾವು ಬೆಳೆಗಾರರ ಸಂಘದ ಪಡಸಾಲೆ ಅರ್ಧ ಒರೆಸಿಯಾಗಿತ್ತು, ಅರ್ಧ ಉಳಿದಿತ್ತು. ಕೆಳಗಿನ ಮಾಗಿಸುವ ಕೋಣೆಗಳಿಂದ ಹಣ್ಣಿನ ಘಮ ಮೆಟ್ಟಿಲು ಹತ್ತಿ ಬರುತ್ತಿತ್ತು. ಶ್ರೀನಿವಾಸಪುರದವರ ಮೂಗಿಗೆ ಅದೇನೂ ಹೊಸದಲ್ಲ.

ಗುಮಾಸ್ತ ವೇಣುಗೋಪಾಲನ ಕೋಣೆಯ ಕಿಟಕಿಯ ಹತ್ತಿರ ಬಂದಾಗ ಅವಳ ಕೈ ನಿಂತಿತು.

ಒಳಗೆ ಕಂಪ್ಯೂಟರ್ ಬೆಳಗುತ್ತಿತ್ತು. ವೇಣುಗೋಪಾಲ್ ಕೀಬೋರ್ಡಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದ. ಎರಡೂ ಕೈ ಕುರ್ಚಿಯ ಪಕ್ಕ ಜೋತುಬಿದ್ದಿದ್ದವು.

ಆದರೆ ಪರದೆಯ ಮೇಲೆ ಅಕ್ಷರಗಳು ಬೀಳುತ್ತಿದ್ದವು. ಒಂದರ ಹಿಂದೆ ಒಂದು. ಒಂದು ಸಾಲು ತುಂಬಿತು. ಇನ್ನೊಂದು ಶುರುವಾಯಿತು.

"ಸಾರ್, ಮನೆಗೆ ಹೋಗ್ಲೇ ಇಲ್ವಾ ಸಾರ್?"

ಮನುಷ್ಯ ಅಲುಗಲಿಲ್ಲ. ಅಕ್ಷರ ನಿಲ್ಲಲಿಲ್ಲ.

*

"ಸತ್ತ ಮೇಲೂ ಬರೀತಾ ಇದಾನೆ ಮೇಡಂ," ಎಂದ ಕಾನ್‌ಸ್ಟೇಬಲ್ ವೆಂಕಟ್. ಬಾಗಿಲು ದಾಟಿ ಒಳಗೆ ಬರಲು ಅವನಿಗೆ ಮನಸ್ಸಿರಲಿಲ್ಲ.

"ಕೆನ್ನೆ ಒಂದು ಕೀ ಮೇಲೆ ಕೂತಿದೆ ಕಣಯ್ಯ. ಬಾ ಒಳಗೆ," ಎಂದಳು ಸಬ್ ಇನ್‌ಸ್ಪೆಕ್ಟರ್ ಆಶಾರಾಣಿ.

ಹಾಗೆ ಹೇಳಿದಳು ನಿಜ. ತಲೆಯನ್ನು ಎತ್ತಿ ಅಕ್ಷರಗಳು ನಿಂತ ಮೇಲೆಯೇ ಅವಳಿಗೂ ಉಸಿರು ಸರಿಹೋದದ್ದು.

ಮೇಜಿನ ಮೇಲೆ ಉರುಳಿದ ಸ್ಟೀಲ್ ಲೋಟ. ಚೆಲ್ಲಿದ ಮಜ್ಜಿಗೆ ಕೀಬೋರ್ಡಿನ ಸಂದಿಗಳಿಗೂ ಇಳಿದಿತ್ತು. ಮೂಗು ಹತ್ತಿರ ಒಯ್ದರೆ ಟೊಮೆಟೊ ತೋಟಕ್ಕೆ ಹೊಡೆಯುವ ಔಷಧಿಯ ವಾಸನೆ.

ಪರದೆಯಲ್ಲಿ ಮೇಲೆ ಮೇಲಕ್ಕೆ ಹೋದಳು. ಇಂಗ್ಲಿಷಿನ ಜೆ ಅಕ್ಷರ ಪುಟಗಟ್ಟಲೆ. ಎಲ್ಲಕ್ಕಿಂತ ಮೇಲೆ ಕನ್ನಡದ ನಾಲ್ಕು ಸಾಲು.

"ಹಣ್ಣು ಬೇಗ ಮಾಗಲೆಂದು ನಿಷೇಧಿತ ಕಾರ್ಬೈಡ್ ಪುಡಿ ಇಡಿಸಿದವನು ನಾನೇ. ಸೋಮವಾರ ವಕ್ಕಲೇರಿಯ ಮಕ್ಕಳು ಆ ಹಣ್ಣು ತಿಂದು ಆಸ್ಪತ್ರೆ ಸೇರಿದರು. ಈ ಪಾಪ ಹೊತ್ತು ಬದುಕಲಾರೆ. ಸಂಘದ ಬೇರೆ ಯಾರಿಗೂ ಇದು ತಿಳಿಯದು."

ವಕ್ಕಲೇರಿ ವೇಣುಗೋಪಾಲನ ಸ್ವಂತ ಊರು.

*

ಮಗಳು ಚಂದನ ಬರುವಷ್ಟರಲ್ಲಿ ಆ ನಾಲ್ಕು ಸಾಲು ಊರಿಗೆಲ್ಲ ತಲುಪಿತ್ತು. ಪೇಟೆಯವರ ಬಾಯಿಗೆ ಬಾಗಿಲೆಲ್ಲಿ.

"ಮೇಡಂ, ಊರಿಂದ ಫೋನ್ ಬಂದಿತ್ತು," ಎಂದಳು. ಕಣ್ಣು ಒಣಗಿತ್ತು. "ಹೆಣ ಊರೊಳಕ್ಕೆ ತರಬೇಡಿ ಅಂತಿದಾರೆ. ಮಕ್ಕಳಿಗೆ ವಿಷ ಇಟ್ಟೋನಿಗೆ ನಮ್ಮ ಮಣ್ಣು ಕೊಡಲ್ಲ ಅಂತ. ಅಪ್ಪ ಆ ಪುಡಿ ಬೇಡ ಅಂತಲೇ ಹೇಳ್ತಿದ್ರು ಅಂದ್ರೆ ಯಾರೂ ನಂಬ್ತಿಲ್ಲ. ತಾತನ ಪಕ್ಕ ಮಲಗಬೇಕಾದ ಅಪ್ಪನ್ನ ನಾನು ಎಲ್ಲಿಗೆ ಕರಕೊಂಡು ಹೋಗಲಿ?"

"ನಾಳೆವರೆಗೂ ಆಸ್ಪತ್ರೆಯಲ್ಲೇ ಇರ್ತಾರಮ್ಮ. ನನಗೆ ಇವತ್ತೊಂದು ದಿನ ಕೊಡು."

ಸಂಘದ ಕಾರ್ಯದರ್ಶಿ ಅಮರನಾಥ್ ಮಾಲೂರಿನವನು. ಹಣೆಯ ಮೇಲೆ ಕುಂಕುಮ, ಕೈಯಲ್ಲಿ ಕರವಸ್ತ್ರ. ಕೇಳುವ ಮೊದಲೇ ಹೇಳಿದ.

"ನಿನ್ನೆ ಸಂಜೆ ನಾನು ಹೊರಟಾಗ ಟೈಪ್ ಮಾಡ್ತಾ ಕೂತಿದ್ದ ಮೇಡಂ. ಪರದೆ ಮೇಲೆ ಕನ್ನಡ ಕಾಣ್ತಿತ್ತು. ಏನಪ್ಪಾ ಅದು ಅಂದೆ. ಮನೆ ವಿಷಯ ಅಂದ. ಸಂಕಷ್ಟಿ ಅಲ್ವಾ, ನಾನು ಕುರುಡುಮಲೆಗೆ ಹೋಗ್ಬಿಟ್ಟೆ. ಗಣಪತಿ ಮುಂದೆ ಕೂತಿದ್ದಾಗ ಇಲ್ಲಿ ಇವನು ಹಿಂಗೆ..."

"ನಿಮ್ಮ ಕೋಣೆಯ ಕಂಪ್ಯೂಟರ್ ಅವರು ಬಳಸ್ತಿದ್ರಾ?"

"ಛೆ, ಛೆ. ನನ್ನ ಕೋಣೆ ಬೀಗದ ಕೈ ನನ್ನ ಸೊಂಟ ಬಿಟ್ಟು ಇಳಿಯಲ್ಲ. ಯಾರನ್ನೂ ಬಿಡಲ್ಲ."

ಅನಸೂಯಮ್ಮ ಬಾಗಿಲ ಬಳಿ ಸೆರಗು ತಿರುವುತ್ತ ನಿಂತಿದ್ದಳು. ಆಶಾರಾಣಿ ಅವಳನ್ನು ಪಕ್ಕಕ್ಕೆ ಕರೆದಳು.

"ಏನೋ ಹೇಳಬೇಕು ಅಂತಿದೀಯ."

"ದೇವುಡಾ, ನನ್ನ ಹೆಸರು ಎತ್ತಬೇಡಿ ತಾಯಿ. ಸೋಮವಾರ ಸಾರು ಫೋನ್‌ನಾಗೆ ಯಾರಿಗೋ ಬೈತಿದ್ರು. ನನ್ನ ಕೈ ಕಟ್ ಹಾಕ್ಬಿಟ್ಟೆಯಲ್ಲಯ್ಯಾ, ನಾನು ಮುಳುಗಿದೆ ಅಂತ. ನಂದೀಶ ಅಂತ ಹೆಸರು ಬಂತು."

ವೆಂಕಟ್ ಮೃತನ ಫೋನ್ ನೋಡಿದ. ಮೂರು ದಿನದಿಂದ ಹೋದ ಕರೆಗಳಲ್ಲಿ ಹೆಚ್ಚಿನವು ಕೋಲಾರದ ನಂದೀಶ್‌ಗೆ. ಈಗ ಆ ನಂಬರ್ ಸ್ವಿಚ್ ಆಫ್.

"ಸಿಕ್ಕಿದ ಮೇಡಂ. ಓಡಿಹೋಗಿದಾನೆ."

"ಯಾರು ಅಂತ ಮೊದಲು ಗೊತ್ತಾಗಲಿ. ಆಮೇಲೆ ಓಡಿಸೋಣ."

*

ಮಧ್ಯಾಹ್ನ. ಬೆರಳಚ್ಚಿನವರು ಕೆಲಸ ಮುಗಿಸಿ ಹೋಗಿದ್ದರು. ಬೀದಿಯಲ್ಲಿ ಹಣ್ಣಿನ ಲಾರಿಗಳ ಸದ್ದೂ ಇರಲಿಲ್ಲ. ಆಶಾರಾಣಿ ಕೋಣೆಯಲ್ಲಿ ಒಬ್ಬಳೇ ಕೂತು ಕಂಪ್ಯೂಟರ್ ಹಚ್ಚಿದಳು. ಖಾಲಿ ಪುಟ ತೆರೆದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಜೆ.

ಅವಳು ಏನನ್ನೂ ಮುಟ್ಟಿರಲಿಲ್ಲ.

ಜೆ, ಜೆ, ಜೆ. ಪುಟದ ಮೇಲೆ ಇರುವೆ ಸಾಲಿನಂತೆ ನಡೆಯತೊಡಗಿತು. ಬೆನ್ನ ಹಿಂದೆ ಯಾರೋ ಬಗ್ಗಿ ನೋಡುತ್ತಿದ್ದಾರೆ ಅನ್ನಿಸಿತು. ತಿರುಗಿದಳು. ಗೋಡೆಯ ಮೊಳೆಯಲ್ಲಿ ವೇಣುಗೋಪಾಲನ ಛತ್ರಿ ನೇತಾಡುತ್ತಿತ್ತು, ಅಷ್ಟೇ.

ಒಣಗಿದ ಮಜ್ಜಿಗೆಯಿಂದ ಆ ಕೀ ಅಂಟಿಕೊಂಡಿತ್ತು. ಉಗುರಿನಿಂದ ಎಬ್ಬಿಸಿದಳು. ಅಕ್ಷರ ನಿಂತಿತು.

ಆಗ ಒಂದು ಯೋಚನೆ ಬಂತು. ಕನ್ನಡದಲ್ಲಿ ಕಾಗದ ಬರೆದು ಅಲ್ಲೇ ತಲೆ ಇಟ್ಟವನು. ಕೆನ್ನೆ ಒತ್ತಿದರೆ ಕನ್ನಡದ ಅಕ್ಷರವೇ ಬೀಳಬೇಕಲ್ಲ. ಇಂಗ್ಲಿಷ್ ಏಕೆ ಬಿತ್ತು?

ಠಾಣೆಯಲ್ಲಿ ದಿನವೂ ಅವಳೇ ದೂರುಗಳನ್ನು ಟೈಪ್ ಮಾಡುವವಳು. ಕನ್ನಡ ಬೇಕೆಂದರೆ ಮೇಲಿನ ಬಲ ಮೂಲೆಯ ಸ್ಕ್ರಾಲ್ ಲಾಕ್ ಒತ್ತಬೇಕು. ಈ ಸಂಘದಲ್ಲೂ ಅದೇ ತಂತ್ರಾಂಶ. ಕಣ್ಣು ಪರದೆಯ ಮೇಲಿದ್ದಂತೆಯೇ ಬೆರಳು ಅಭ್ಯಾಸಬಲದಿಂದ ಆ ಮೂಲೆಗೆ ಹೋಗಿ ಒತ್ತಿತು.

ಪರದೆಯ ಮೇಲೆ ಲೆಕ್ಕ ಮಾಡುವ ಕ್ಯಾಲ್ಕುಲೇಟರ್ ಎದ್ದು ನಿಂತಿತು.

ಕೀಬೋರ್ಡನ್ನು ಎತ್ತಿ ಬೆಳಕಿಗೆ ಹಿಡಿದಳು. ಹೊಚ್ಚ ಹೊಸದು. ಸ್ಕ್ರಾಲ್ ಲಾಕ್ ಅದರಲ್ಲಿ ಎಲ್ಲೂ ಇರಲಿಲ್ಲ.

*

ಕೋಲಾರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಂದೀಶನ ಕಂಪ್ಯೂಟರ್ ಅಂಗಡಿ. ಅವನು ಓಡಿಹೋಗಿರಲಿಲ್ಲ. ಫೋನ್ ಬಿಚ್ಚಿಟ್ಟುಕೊಂಡು ರಿಪೇರಿ ಮಾಡುತ್ತಿದ್ದ. ಸುದ್ದಿ ಕೇಳಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಭಾನುವಾರ ಅಪ್ಪ ಮಗಳು ಬಂದಿದ್ರು ಮೇಡಂ. ವೇಣುಗೋಪಾಲಣ್ಣನಿಗೆ ಮಣಿಕಟ್ಟು ನೋವು. ಶಾರ್ಟ್‌ಕಟ್ ಕೀ ಇರೋದು ಬೇಕು ಅಂದ್ರು. ಒಂದೊಂದೇ ತೊಡೆ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ಒತ್ತಿ ನೋಡೋರು. ಇದು ಗಟ್ಟಿ, ಇದು ಮೆತ್ತಗೆ, ಇದು ಪಕ್ಕದ ಕೋಣೆಗೂ ಕೇಳುತ್ತೆ ಅಂತ. ಏನಣ್ಣಾ, ಹೆಣ್ಣು ನೋಡಕ್ಕೆ ಬಂದಂಗೆ ಆಡ್ತೀರ ಅಂದೆ. ಹೆಂಡ್ತಿಗಿಂತ ಜಾಸ್ತಿ ಹೊತ್ತು ಇದರ ಜೊತೆ ಸಂಸಾರ ಕಣೋ ಅಂದ್ರು."

"ಕೊನೆಗೆ ಯಾವುದು ಒಪ್ಪಿಗೆಯಾಯ್ತು?"

"ಒಂದೇ ಒತ್ತಿಗೆ ನಕಲು, ಒಂದೇ ಒತ್ತಿಗೆ ಅಂಟಿಸೋದು, ಪರದೆ ಮುಚ್ಚೋದು, ಕ್ಯಾಲ್ಕುಲೇಟರ್. ಎಲ್ಲಾ ಇದ್ದದ್ದು. ಮೂಲೆಯ ಹಳೇ ಕೀ ತೆಗೆದು ಕಂಪನಿಯವನು ಅದನ್ನೆಲ್ಲ ಕೂರಿಸಿದ್ದ. ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ. ಅಂಗಡಿಯಲ್ಲಿ ಇಂಗ್ಲಿಷಲ್ಲೇ ಒತ್ತಿ ನೋಡಿದ್ದು. ಹಳೇದನ್ನ ಎಕ್ಸ್‌ಚೇಂಜ್‌ಗೆ ನನಗೇ ಕೊಟ್ಟು ಹೋದ್ರು."

"ಸೋಮವಾರ ಬೈದದ್ದು ಅದಕ್ಕೇನಾ?"

"ಹೂಂ. ಕನ್ನಡವೇ ಬರ್ತಿಲ್ಲ, ನನ್ನ ಕೈ ಕಟ್ ಹಾಕ್ಬಿಟ್ಟೆ ಅಂದ್ರು. ಪುಡಿ ವಿಷಯ ಬೆಂಗಳೂರಿನ ಇಲಾಖೆಗೆ ಒಂದು ಕಾಗದ ಹೋಗ್ಬೇಕು, ಕಾರ್ಯದರ್ಶಿ ಬೇಡ ಬೇಡ ಅಂತ ತಿಂಗಳುಗಟ್ಟಲೆ ತಡೆದಿದ್ದ, ಇನ್ನು ಅವನ ಮಾತು ಕೇಳಲ್ಲ ಅಂದ್ರು. ಕೈಯಲ್ಲಿ ಬರೆಯೋಕೆ ಮಣಿಕಟ್ಟು ಬಿಡ್ತಿರಲಿಲ್ಲ. ಬೇರೆ ಕೀಗೆ ಕನ್ನಡ ಹೊಂದಿಸಬಹುದು, ನಾನೇ ಬಂದು ಮಾಡಿಕೊಡ್ತೀನಿ ಅಂದಿದ್ದೆ."

"ಯಾವತ್ತು ಬರ್ತೀನಿ ಅಂದಿದ್ದೆ?"

ನಂದೀಶ್ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ. "ಇವತ್ತು."

*

ಸಂಜೆಯ ಬಿಸಿಲು ಕೋಣೆಗೆ ಓರೆಯಾಗಿ ಬೀಳುತ್ತಿತ್ತು. ಅಮರನಾಥ್, ಚಂದನ, ಅನಸೂಯಮ್ಮ ಎಲ್ಲ ಇದ್ದರು.

"ಕಾರ್ಯದರ್ಶಿಗಳೇ, ನಿಮ್ಮಿಂದ ಒಂದು ಸಣ್ಣ ಕೆಲಸ," ಎಂದಳು ಆಶಾರಾಣಿ. "ಆ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ನಿಮ್ಮ ಹೆಸರು ಟೈಪ್ ಮಾಡಿ."

"ಆ ಕುರ್ಚಿಯಲ್ಲಾ? ಯಾಕೆ ಮೇಡಂ?"

"ಕೂರಿ."

ಕೂತ. ಬೆರಳು ತಾನಾಗಿ ಬಲ ಮೂಲೆಗೆ ಹೋಯಿತು. ಒತ್ತಿದ. ಕ್ಯಾಲ್ಕುಲೇಟರ್ ಎದ್ದಿತು. ಮುಚ್ಚಿ ಮತ್ತೆ ಒತ್ತಿದ. ಮತ್ತೆ ಎದ್ದಿತು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲಿಳಿಯಿತು. ಅವಸರದಲ್ಲಿ ಕೈ ಎಲ್ಲೋ ತಾಕಿ ಅಂಟಿದ ಕೀ ಮತ್ತೆ ಕೆಳಗೆ ಕೂತಿತು. ಅವನು ಎರಡೂ ಕೈ ಮೇಲೆತ್ತಿದ ಮೇಲೂ ಪರದೆಯ ಮೇಲೆ ಜೆ, ಜೆ, ಜೆ ನಡೆಯುತ್ತಲೇ ಇತ್ತು.

"ನಿಲ್ಸಿ," ಎಂದ. "ಯಾರಾದ್ರೂ ಅದನ್ನ ನಿಲ್ಸಿ."

ಯಾರೂ ನಿಲ್ಲಿಸಲಿಲ್ಲ.

"ಭಾನುವಾರದಿಂದ ಈ ಕೋಣೆಯಲ್ಲಿ ಕನ್ನಡ ಟೈಪ್ ಆಗ್ತಿರಲಿಲ್ಲ," ಎಂದಳು ಆಶಾರಾಣಿ. "ಕಾಗದದಲ್ಲಿ ಸೋಮವಾರದ ಮಾತಿದೆ. ಅಂದ ಮೇಲೆ ಅದು ಇಲ್ಲಿ ಹುಟ್ಟಿದ್ದಲ್ಲ. ಹಳೇ ಕೀಬೋರ್ಡ್ ಕೋಲಾರ ಸೇರಿದೆ. ಸಂಘದಲ್ಲಿ ಉಳಿದ ಇನ್ನೊಂದು ಕಂಪ್ಯೂಟರ್ ನಿಮ್ಮದು. ಅದರ ಬೀಗದ ಕೈ ನಿಮ್ಮ ಸೊಂಟ ಬಿಟ್ಟು ಇಳಿಯಲ್ಲ ಅಂತ ನೀವೇ ಹೇಳಿದ್ರಿ. ನಿನ್ನೆ ಅವರು ಕನ್ನಡ ಟೈಪ್ ಮಾಡೋದನ್ನ ಕಣ್ಣಾರೆ ಕಂಡೆ ಅಂತಲೂ ಹೇಳಿದ್ರಿ. ಆಗದೇ ಇರೋದನ್ನ ಕಂಡವರು ನೀವೊಬ್ಬರೇ."

ವೆಂಕಟ್ ಆ ಬೀಗದ ಕೈ ತೆಗೆದುಕೊಂಡು ಪಕ್ಕದ ಕೋಣೆಗೆ ಹೋಗಿ, ಸ್ವಲ್ಪ ಹೊತ್ತಿಗೆ ಮರಳಿ ಬಂದ. "ಇವರ ಕಂಪ್ಯೂಟರಲ್ಲೇ ಇದೆ ಮೇಡಂ. ಅದೇ ನಾಲ್ಕು ಸಾಲು."

ಅಮರನಾಥ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡ. ಆಮೇಲೆ ಒಂದೊಂದಾಗಿ ಹೇಳಿದ. ಪುಡಿ ಇಡಿಸಿದ್ದು ಅವನೇ. ಮಕ್ಕಳು ಆಸ್ಪತ್ರೆ ಸೇರಿದ ಮೇಲೆ ವೇಣುಗೋಪಾಲ್ ಎದುರಿಗೆ ನಿಂತು, ಈ ವಾರ ಇಲಾಖೆಗೆ ಬರೆದೇ ಬರೀತೀನಿ ಅಂದಿದ್ದ. ಹಿಂದಿನ ದಿನ, ಬುಧವಾರ ಸಂಜೆ, ರಾಜಿ ಮಾತಿಗೆಂದು ಅಮರನಾಥನೇ ಔಷಧಿ ಬೆರೆಸಿದ ಮಜ್ಜಿಗೆ ತಂದುಕೊಟ್ಟ. ತಲೆ ಬಿದ್ದ ಮೇಲೆ ಪೆನ್‌ಡ್ರೈವಿನಿಂದ ಕಾಗದ ತೆರೆದು, ಈಗಷ್ಟೇ ಬರೆದಂತೆ ಕಾಣಲೆಂದು ಕೊನೆಯ ಸಾಲಿನ ಮೇಲೆ ಮೌಸ್ ಒತ್ತಿದ. ಮೌಸ್ ಒಂದನ್ನೇ ಮುಟ್ಟಿದ್ದರಿಂದ ಕೀಬೋರ್ಡ್ ಬದಲಾಗಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಕುರುಡುಮಲೆಗೆ ಹೋಗಿ ಮಂಗಳಾರತಿ ತೆಗೆದುಕೊಂಡ.

"ಅಕ್ಷರ ಓಡ್ತಿದ್ದದ್ದು ಬಾಗಿಲಿಂದಲೇ ಕಾಣ್ತಿತ್ತು," ಎಂದ. "ತಿರುಗಿ ಹೋಗಿ ನಿಲ್ಸೋಕೆ ಧೈರ್ಯ ಬರಲಿಲ್ಲ."

*

ಮರುದಿನ ವಕ್ಕಲೇರಿಯವರು ತಾವಾಗಿಯೇ ಬಂದು ಹೆಗಲು ಕೊಟ್ಟರು. ತಾತನ ಪಕ್ಕದಲ್ಲಿ ವೇಣುಗೋಪಾಲನಿಗೆ ಮಣ್ಣಾಯಿತು. ತಪ್ಪಾಯ್ತಮ್ಮ ಎಂದವರ ಕಡೆ ತಿರುಗದೆ ಚಂದನ ಇನ್ನೊಂದು ಹಿಡಿ ಮಣ್ಣು ಹಾಕಿದಳು.

ತಿಥಿ ಕಳೆದ ಮೇಲೆ ಅವಳು ಕೋಲಾರದ ಅಂಗಡಿಗೆ ಬಂದಳು.

"ಅಪ್ಪನ ಹಳೇ ಕೀಬೋರ್ಡ್ ಮಾರಿಬಿಟ್ರಾ ನಂದೀಶಣ್ಣ?"

"ಮಾರಕ್ಕೆ ಮನಸ್ಸು ಬರಲಿಲ್ಲ ಕಣಮ್ಮ."

ಅದನ್ನು ಅಲ್ಲೇ ಜೋಡಿಸಿ ಕೊಟ್ಟ. ಪುಡಿ ಯಾವ ಕೋಣೆಯಲ್ಲಿ ಇಡುತ್ತಿದ್ದರು, ಹಣ್ಣು ಯಾವ ಯಾವ ಊರಿಗೆ ಹೋಯಿತು, ತಾನು ಎಷ್ಟು ಸಲ ಬೇಡವೆಂದೆ, ಎಲ್ಲವನ್ನೂ ಕೀಬೋರ್ಡ್ ಕೊಂಡ ಆ ಭಾನುವಾರ ಬಸ್ಸಿನಲ್ಲಿ ಅಪ್ಪ ಅವಳಿಗೆ ಹೇಳಿದ್ದ. ಅದನ್ನೆಲ್ಲ ಅವನ ಮಾತಿನಲ್ಲೇ, ಅವನು ಇಲಾಖೆಗೆ ಬರೆಯಬೇಕಿದ್ದ ಕಾಗದವಾಗಿ, ಟೈಪ್ ಮಾಡಿದಳು. ಕೆಳಗೆ, ವೇಣುಗೋಪಾಲ್ ಪರವಾಗಿ ಮಗಳು ಚಂದನ, ಎಂದು ಸಹಿ ಹಾಕಿದಳು.

ಅಂಚೆ ಕಚೇರಿಯಲ್ಲಿ ಸರತಿ ಉದ್ದವಿತ್ತು. ನಿಂತಳು. ಅವಳ ಪಾಳಿ ಬಂತು.

"ಸ್ಪೀಡ್ ಪೋಸ್ಟಾ? ಅರ್ಜೆಂಟಾ?" ಎಂದ ಒಳಗಿನವನು.

"ತುಂಬಾ ತಡವಾಗಿದೆ ಸಾರ್. ಇವತ್ತೇ ಹೋಗಲಿ."

ಅವನು ಲಕೋಟೆಯನ್ನು ತೂಗಿ, ಠಸ್ಸೆ ಒತ್ತಿ, ಬೆಂಗಳೂರಿನ ಚೀಲದೊಳಗೆ ಹಾಕಿದ.